ವೈರ್ ಬ್ರೇಕಿನಿಂದ ಆಯಿಲ್ ಬ್ರೇಕಿಗೆ: ಸೈಕಲ್ಲಿನಲ್ಲಿ ಪ್ಯಾಸ್ಕಲ್ ನಿಯಮ



ದಪ್ಪ ಟೈರು, ಗೇರು, ಚಕ್ರದ ನಡುವೆ ತಟ್ಟೆಯಂಥ ಡಿಸ್ಕ್ ಇರುವ ಸೈಕಲ್ಲನ್ನು ನೀವು ನೋಡಿರುತ್ತೀರಿ. ಬೆಟ್ಟಗುಡ್ಡದ ದಾರಿಗೆಂದು ಮಾಡಿದ ಇದಕ್ಕೆ ಮೌಂಟನ್ ಬೈಕ್ ಎನ್ನುತ್ತಾರೆ. ಕಡಿಮೆ ಬೆಲೆಯ ಮೌಂಟನ್ ಬೈಕಿನಲ್ಲಿ ಡಿಸ್ಕ್ ಬ್ರೇಕನ್ನು ಎಳೆಯುವುದು ಒಂದು ವೈರ್. ಬೆಲೆ ಹೆಚ್ಚಾದಂತೆ ಆ ವೈರಿನ ಜಾಗಕ್ಕೆ ಆಯಿಲ್ ತುಂಬಿದ ಸಣ್ಣ ಪೈಪು ಬರುತ್ತದೆ. ಇದೇ ಹೈಡ್ರಾಲಿಕ್ ಬ್ರೇಕ್. ವೈರ್ ತೆಗೆದು ಆಯಿಲ್ ಹಾಕಿಸಿದರೆ ಏನು ಲಾಭ? ಉತ್ತರ ನಿಮ್ಮ ವಿಜ್ಞಾನ ಪುಸ್ತಕದ ‘ಬಲ, ಒತ್ತಡ, ಘರ್ಷಣೆ’ ಪಾಠಗಳಲ್ಲೇ ಇದೆ.

ಬ್ರೇಕ್ ಮಾಡುವ ಕೆಲಸ

ನೀವು ಮತ್ತು ಸೈಕಲ್ಲು ಸೇರಿ 60 ಕೆ.ಜಿ. ಎಂದುಕೊಳ್ಳಿ. ರಾಯದುರ್ಗದ ಸುತ್ತ ಇರುವಂಥ ಒಂದು ಗುಡ್ಡದಿಂದ 50 ಮೀಟರ್ ಎತ್ತರ ಇಳಿದಿರಿ. ಕಳೆದುಕೊಂಡ ಪ್ರಚ್ಛನ್ನ ಶಕ್ತಿ 60 × 10 × 50 = 30,000 ಜೂಲ್. ವೇಗ ಏರದಂತೆ ಬ್ರೇಕ್ ಹಿಡಿದು ಇಳಿದರೆ ಇದರಲ್ಲಿ ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. ಒಂದು ಲೀಟರ್ ನೀರನ್ನು ಸುಮಾರು 7 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸಾಕಾಗುವಷ್ಟು ಶಾಖ ಅದು. ನೀರಿಗೆ ಅದು ಹೆಚ್ಚಲ್ಲ. ಆದರೆ ತೆಳುವಾದ ಉಕ್ಕಿನ ತಟ್ಟೆಗೆ ಬಹಳ ಹೆಚ್ಚು. ಆದ್ದರಿಂದ ಇಳಿಜಾರು ಇಳಿದ ಕೂಡಲೇ ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತದೆ.

ವೈರಿನ ತೊಂದರೆ

ವೈರ್ ಒಂದು ಕೊಳವೆಯೊಳಗೆ ಜಾರುತ್ತದೆ. ಹ್ಯಾಂಡಲ್ ಹತ್ತಿರ, ಫ್ರೇಮಿನ ಬಳಿ ಅದು ಬಾಗಲೇಬೇಕು. ಬಾಗಿದ ಕಡೆಯೆಲ್ಲ ಒಳಗೋಡೆಗೆ ಉಜ್ಜುತ್ತದೆ. ನಿಮ್ಮ ಬೆರಳಿನ ಬಲದಲ್ಲಿ ಒಂದು ಪಾಲು ಅಲ್ಲೇ ಘರ್ಷಣೆಗೆ ಖರ್ಚು. ನಮ್ಮ ಅನಂತಪುರ ಸೀಮೆಯ ಕೆಂಪು ಧೂಳು ಒಳಗೆ ಸೇರಿದರೆ, ಮಳೆ ಬಿದ್ದು ತುಕ್ಕು ಹಿಡಿದರೆ, ಲಿವರ್ ಇನ್ನೂ ಬಿಗಿಯಾಗುತ್ತದೆ. ದಿನ ಕಳೆದಂತೆ ವೈರ್ ಸ್ವಲ್ಪ ಹಿಗ್ಗುತ್ತದೆ, ಬ್ರೇಕ್ ಪ್ಯಾಡ್ ಸವೆಯುತ್ತದೆ. ಆಗಾಗ ಕೈಯಿಂದ ಬಿಗಿ ಮಾಡದಿದ್ದರೆ ಲಿವರ್ ಹ್ಯಾಂಡಲಿಗೇ ಬಂದು ತಾಗುತ್ತದೆ. ಜೊತೆಗೆ ಅನೇಕ ವೈರ್ ಡಿಸ್ಕ್ ಬ್ರೇಕುಗಳಲ್ಲಿ ಒಂದು ಬದಿಯ ಪ್ಯಾಡ್ ಮಾತ್ರ ಚಲಿಸುತ್ತದೆ. ಅದು ಡಿಸ್ಕನ್ನು ಇನ್ನೊಂದು ಪ್ಯಾಡಿನ ಕಡೆಗೆ ತಳ್ಳಬೇಕು.

ದ್ರವ ಹೇಗೆ ಬಲ ಸಾಗಿಸುತ್ತದೆ?

ಗುಮ್ಮಘಟ್ಟ ಮಂಡಲದಲ್ಲೇ ವೇದಾವತಿಗೆ ಅಡ್ಡವಾಗಿ ಭೈರವಾನಿತಿಪ್ಪ ಅಣೆಕಟ್ಟು ಇದೆ. ತುಂಬಿದ ನೀರು ತಳವನ್ನು ಮಾತ್ರ ಒತ್ತುವುದಿಲ್ಲ, ಕಟ್ಟೆಯನ್ನೂ ಪಕ್ಕಕ್ಕೆ ಒತ್ತುತ್ತದೆ. ದ್ರವ ಎಲ್ಲ ದಿಕ್ಕಿಗೂ ಒತ್ತುತ್ತದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ತಲುಪುತ್ತದೆ ಎಂದು ತೋರಿಸಿದವರು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ (1623–1662). ಪೈಪು ಎಷ್ಟು ಬಾಗಿದರೂ ಒತ್ತಡಕ್ಕೆ ಅಡ್ಡಿಯಿಲ್ಲ. ಕಾರುಗಳ ಬ್ರೇಕಿಗೆ ಇದು 1920ರ ದಶಕದಲ್ಲಿ ಬಂತು. ಬೋರ್‌ವೆಲ್ ಕೊರೆಯುವ ಲಾರಿ ನಿಂತಲ್ಲೇ ತನ್ನನ್ನು ಎತ್ತಿಕೊಳ್ಳುವ ಜಾಕ್ ಕೂಡ ಇದೇ ನಿಯಮದಿಂದ ಕೆಲಸ ಮಾಡುತ್ತದೆ.

ಒಂದು ಲೆಕ್ಕ

ಸುಲಭದ ಅಂಕಿಗಳನ್ನು ತೆಗೆದುಕೊಳ್ಳೋಣ. ಬೆರಳು ಒತ್ತುವ ಬಲ 40 ನ್ಯೂಟನ್. ಲಿವರ್ ಅದನ್ನು 5 ಪಟ್ಟು ಮಾಡಿದರೆ ಮೇಲಿನ ಸಣ್ಣ ಪಿಸ್ಟನ್ ಮೇಲೆ 200 ನ್ಯೂಟನ್. ಈ ಪಿಸ್ಟನ್ನಿನ ವ್ಯಾಸ 1 ಸೆಂ.ಮೀ., ಚಕ್ರದ ಹತ್ತಿರದ ಕ್ಯಾಲಿಪರಿನಲ್ಲಿ ಎರಡು ಬದಿಗೂ ಒಂದೊಂದು ಪಿಸ್ಟನ್, ವ್ಯಾಸ 2 ಸೆಂ.ಮೀ. ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಹಾಗಾಗಿ ಒಂದೊಂದು ಪ್ಯಾಡನ್ನೂ ಒತ್ತುವ ಬಲ 800 ನ್ಯೂಟನ್. ಅಂದರೆ 80 ಕೆ.ಜಿ. ತೂಕ ಇಟ್ಟಂತೆ!

ಈ ಹೆಚ್ಚುವರಿ ಬಲ ಪುಕ್ಕಟೆ ಬಂತೇ? ಇಲ್ಲ. ಎರಡೂ ಪ್ಯಾಡ್ 1 ಮಿ.ಮೀ. ಸರಿಯಬೇಕಾದರೆ ಮೇಲಿನ ಪಿಸ್ಟನ್ 8 ಮಿ.ಮೀ. ಸರಿಯಬೇಕು. ಬಲ ಗಳಿಸಿದೆವು, ದೂರ ಕೊಟ್ಟೆವು. ಅದಕ್ಕೇ ಪ್ಯಾಡ್ ಮತ್ತು ಡಿಸ್ಕ್ ನಡುವೆ ಒಂದು ಮಿಲಿಮೀಟರಿಗಿಂತ ಕಡಿಮೆ ಸಂದು ಬಿಟ್ಟಿರುತ್ತಾರೆ. ಪ್ಯಾಡ್ ಸವೆದರೆ ಪಿಸ್ಟನ್ ತಾನೇ ಸ್ವಲ್ಪ ಮುಂದೆ ಬಂದು ನಿಲ್ಲುತ್ತದೆ, ಲಿವರ್ ಬಳಿಯ ಸಣ್ಣ ಡಬ್ಬಿಯ ಆಯಿಲ್ ಆ ಜಾಗ ತುಂಬುತ್ತದೆ. ಕೈಯಿಂದ ಬಿಗಿ ಮಾಡುವ ಕೆಲಸ ತಪ್ಪಿತು.

ಮಾಡಿ ನೋಡಿ

ಬಳಸದ ಎರಡು ಸಿರಿಂಜ್ ತನ್ನಿ: ಒಂದು 5 ಮಿ.ಲೀ., ಇನ್ನೊಂದು 20 ಮಿ.ಲೀ. ಸೂಜಿ ಬೇಡ. ಬಿಗಿಯಾಗಿ ಕೂರುವ ಸಣ್ಣ ಪ್ಲಾಸ್ಟಿಕ್ ಪೈಪಿನಿಂದ ಎರಡನ್ನೂ ಜೋಡಿಸಿ. ಒಂದಿಷ್ಟೂ ಗಾಳಿ ಉಳಿಯದಂತೆ ನೀರು ತುಂಬಿ. ಸಣ್ಣದನ್ನು ನೀವು ಒತ್ತಿ, ದೊಡ್ಡದನ್ನು ಗೆಳೆಯ ತಡೆಯಲಿ. ಯಾರು ಗೆಲ್ಲುತ್ತಾರೆ? ಯಾವ ದಂಡ ಎಷ್ಟು ಸರಿಯಿತು? ಅಳತೆ ಬರೆದುಕೊಳ್ಳಿ. ಆಮೇಲೆ ಪೈಪಿನಲ್ಲಿ ಬೇಕೆಂದೇ ಗಾಳಿ ಗುಳ್ಳೆ ಬಿಟ್ಟು ಮತ್ತೆ ಒತ್ತಿ. ಈಗ ಒತ್ತಿದ್ದು ಮೆತ್ತಗೆ, ಸ್ಪಂಜಿನಂತೆ ಅನ್ನಿಸುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದು ತೀರಾ ಕಡಿಮೆ. ನೀವು ಒತ್ತಿದ ದೂರವೆಲ್ಲ ಗುಳ್ಳೆಯನ್ನು ಕುಗ್ಗಿಸಲು ಹೋಯಿತು, ಆಚೆ ಕಡೆ ತಲುಪಲಿಲ್ಲ.

ಹೈಡ್ರಾಲಿಕ್ ಬ್ರೇಕಿನ ಶತ್ರು ಇದೇ ಗುಳ್ಳೆ. ಲಿವರ್ ಒತ್ತಿದಾಗ ಮೆತ್ತಗೆ ಹ್ಯಾಂಡಲ್ ತನಕ ಬಂದರೆ ಪೈಪಿನಲ್ಲಿ ಗಾಳಿ ಸೇರಿರಬಹುದು, ಇಲ್ಲವೇ ಆಯಿಲ್ ಸೋರಿರಬಹುದು. ಅಂಥ ಸೈಕಲ್ ಹತ್ತಬೇಡಿ. ಗಾಳಿ ಹೊರಹಾಕಿ ಆಯಿಲ್ ತುಂಬುವ ಕೆಲಸಕ್ಕೆ ‘ಬ್ಲೀಡಿಂಗ್’ ಎನ್ನುತ್ತಾರೆ.

ಬದಲಾಯಿಸುವಾಗ ತಿಳಿದಿರಲಿ

ವೈರ್ ತೆಗೆದು ಪೈಪ್ ಸಿಕ್ಕಿಸಿದರೆ ಆಗುವುದಿಲ್ಲ. ಲಿವರ್, ಪೈಪು, ಕ್ಯಾಲಿಪರ್ ಒಂದು ಸೆಟ್ಟಾಗಿ ಬದಲಾಗಬೇಕು. ಅಳತೆ ಹೊಂದಿದರೆ ಹಳೆಯ ಡಿಸ್ಕ್ ಉಳಿಯಬಹುದು. ಡಿಸ್ಕೇ ಇಲ್ಲದ ಸೈಕಲ್ಲಾದರೆ ಫ್ರೇಮಿನಲ್ಲಿ ಕ್ಯಾಲಿಪರ್ ಕೂರಿಸುವ ಜಾಗ, ಡಿಸ್ಕ್ ಹಿಡಿಯುವ ಹಬ್ ಎರಡೂ ಇವೆಯೇ ಎಂದು ಮೊದಲು ನೋಡಿ.

ಆಯಿಲ್ ವಿಷಯದಲ್ಲಿ ಎಚ್ಚರ. ಶಿಮಾನೊ ಬ್ರೇಕುಗಳಿಗೆ ಮಿನರಲ್ ಆಯಿಲ್. ಮೋಟಾರ್ ಸೈಕಲ್ಲಿಗೆ ಹಾಕುವುದು ಸಾಮಾನ್ಯವಾಗಿ ‘ಡಾಟ್’ ಎಂಬ ಬೇರೆ ದ್ರವ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲ್ ಕೆಟ್ಟು ಬ್ರೇಕೇ ಹೋಗುತ್ತದೆ. ಡಬ್ಬಿಯ ಮೇಲೆ, ಲಿವರಿನ ಮೇಲೆ ಬರೆದಿದ್ದನ್ನು ಓದಿಯೇ ಹಾಕಿಸಿ. ಚಕ್ರ ಕಳಚಿದಾಗ ಲಿವರ್ ಒತ್ತಬೇಡಿ. ನಡುವೆ ಡಿಸ್ಕ್ ಇಲ್ಲದ್ದರಿಂದ ಪಿಸ್ಟನ್ನುಗಳು ಹೊರಗೆ ಬಂದುಬಿಡುತ್ತವೆ. ಡಿಸ್ಕಿಗೆ, ಪ್ಯಾಡಿಗೆ ಎಣ್ಣೆ ಕೈ ತಾಗಿಸಬೇಡಿ. ಪೈಪಿನೊಳಗೆ ಆಯಿಲ್ ಬೇಕೇ ಬೇಕು, ಡಿಸ್ಕಿನ ಮೇಲೆ ಒಂದು ಹನಿಯೂ ಕೂಡದು.

ಯಾವುದು ಒಳ್ಳೆಯದು?

ಬೆಟ್ಟದ ಇಳಿಜಾರು, ದೂರದ ಓಟ ಇದ್ದವರಿಗೆ ಹೈಡ್ರಾಲಿಕ್ ಬ್ರೇಕ್ ಒಳ್ಳೆಯದು: ಒಂದೇ ಬೆರಳು ಸಾಕು, ಕೈ ಸೋಲುವುದಿಲ್ಲ. ಆದರೆ ಅದು ಕೆಟ್ಟರೆ ಸರಿಮಾಡುವವರು ಹತ್ತಿರ ಇರಬೇಕು. ವೈರ್ ತುಂಡಾದರೆ ಊರಿನ ಪಂಕ್ಚರ್ ಅಂಗಡಿಯಲ್ಲೂ ಹೊಸದು ಹಾಕಿಕೊಡುತ್ತಾರೆ. ಸಮತಟ್ಟು ದಾರಿಯಲ್ಲಿ ಶಾಲೆಗೆ ಹೋಗಿಬರುವವರಿಗೆ ಶುಚಿಯಾಗಿಟ್ಟ ವೈರ್ ಬ್ರೇಕೇ ಸಾಕು.

ಇನ್ನೊಂದು ಮಾತು. ಬ್ರೇಕ್ ನಿಲ್ಲಿಸುವುದು ಚಕ್ರವನ್ನು ಮಾತ್ರ. ಸೈಕಲ್ಲನ್ನು ನಿಲ್ಲಿಸುವುದು ಟೈರು ಮತ್ತು ನೆಲದ ನಡುವಿನ ಘರ್ಷಣೆ. ಮರಳು, ಜಲ್ಲಿ ಇರುವ ದಾರಿಯಲ್ಲಿ ಎಷ್ಟೇ ಬೆಲೆಯ ಬ್ರೇಕಿದ್ದರೂ ಗಟ್ಟಿಯಾಗಿ ಹಿಡಿದರೆ ಚಕ್ರ ನಿಂತು ಸೈಕಲ್ ಜಾರುತ್ತದೆ. ಮುಂದಿನ ಬ್ರೇಕನ್ನು ಮಾತ್ರ ಜೋರಾಗಿ ಹಿಡಿದರೆ ಮುಂದಕ್ಕೆ ಪಲ್ಟಿ ಹೊಡೆಯಬಹುದು. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ, ಎರಡೂ ಲಿವರುಗಳನ್ನು ಸ್ವಲ್ಪ ಸ್ವಲ್ಪವಾಗಿ ಒತ್ತಿ. ನಾಳೆ ಸೈಕಲ್ ಹತ್ತುವ ಮುಂಚೆ ಎರಡೂ ಲಿವರುಗಳನ್ನು ಒಮ್ಮೆ ಒತ್ತಿ ನೋಡುತ್ತೀರಲ್ಲ?