ಆಣೆ ಮುರಿದ ಮರುದಿನ

ಚಿತ್ರದುರ್ಗ ಜಿಲ್ಲೆಯ ಪರಶುರಾಂಪುರದ ಸುತ್ತಿನ ಹಳ್ಳಿಗಳಲ್ಲಿ ಕುಡಿತ ಬಿಡಿಸಬೇಕೆಂದರೆ ಮೊದಲು ನೆನಪಾಗುವುದು ಆಣೆ. ಮನೆದೇವರ ಮುಂದೆ ನಿಲ್ಲಿಸಿ, ಮಕ್ಕಳ ತಲೆ ಮೇಲೆ ಕೈ ಇಡಿಸುತ್ತಾರೆ. ಈ ಸೀಮೆಯಲ್ಲಿ ಆಣೆಗೆ ತೂಕವಿದೆ. ಹೆಂಡ ಮುಟ್ಟಬಾರದೆಂಬ ಕಟ್ಟು ಇಲ್ಲಿನ ಮ್ಯಾಸಬೇಡ ಸಮುದಾಯದಲ್ಲಿ ತಲೆಮಾರುಗಳಿಂದ ಬಂದದ್ದು. ಹಾಗಿದ್ದೂ ಆಣೆಯಿಟ್ಟವನು ನಾಲ್ಕು ತಿಂಗಳಿಗೆ ಮತ್ತೆ ಕುಡಿದರೆ ಊರು ತೀರ್ಪು ಕೊಟ್ಟುಬಿಡುತ್ತದೆ: ‘ಅವನ ಹಣೆಬರಹ ಅಷ್ಟೇ.’

ಹಣೆಬರಹವಲ್ಲ, ಕಾಯಿಲೆ. ವರ್ಷಗಟ್ಟಲೆ ಕುಡಿದವನ ಮಿದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಬೆಳಿಗ್ಗೆ ಚಹಾದ ಲೋಟ ಎತ್ತಿದರೆ ತುಟಿಗೆ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲಿರುತ್ತದೆ. ಒಂದು ಪ್ಯಾಕೆಟ್ ಒಳಗೆ ಹೋದರೆ ನಡುಕ ನಿಲ್ಲುತ್ತದೆ. ದಿಢೀರನೆ ಬಿಟ್ಟರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು–ಮೂರನೇ ದಿನ ಇಲ್ಲದ್ದೆಲ್ಲ ಕಂಡು ಬಡಬಡಿಸಬಹುದು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತ ಕೂತರೆ ಜೀವ ಹೋಗಬಹುದು.

ಇದೆಲ್ಲ ಸಾಮಾನ್ಯವಾಗಿ ಒಂದು ವಾರದ ಮಾತು. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ನಡೆಯುವುದೂ ಎಂಟು ದಿನವೇ. ಕಷ್ಟ ಶುರುವಾಗುವುದು ಆಮೇಲೆ. ಮೈ ಶುದ್ಧವಾದರೂ ಆಸೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಊರೂ ಹಳೆಯದೇ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಆ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂದು ಕೂತವು. ಹಳ್ಳಿಯ ಅಂಗಡಿಗಳಲ್ಲೂ ಮದ್ಯ ಸಿಗುತ್ತದೆಂದು ನೊಂದೇ 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋದರು.

ಮಳೆ ಕೈಕೊಟ್ಟು ಶೇಂಗಾ ಒಣಗಿದರೆ ಸಾಲದ ಚಿಂತೆ. ಕಾಯಿ ಮಾರಿದ ದಿನ ಜೇಬಿನಲ್ಲಿ ದುಡ್ಡು, ಪಕ್ಕದಲ್ಲಿ ಹಳೇ ಗೆಳೆಯರು. ‘ಇವತ್ತೊಂದಿನ, ಒಂದೇ ಒಂದು.’ ಬೇಸರ, ಮನೆಜಗಳ, ಜೊತೆಗಾರರ ಒತ್ತಾಯ, ಹೆಚ್ಚಿನವರು ಜಾರುವುದು ಇಲ್ಲೇ ಎಂದು ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಾಟ್ ತೋರಿಸಿಕೊಟ್ಟಿದ್ದರು. ಅವರು ಗುರುತಿಸಿದ ಇನ್ನೊಂದು ಸಂಗತಿ ನಮ್ಮ ಆಣೆಗೆ ನೇರ ತಾಗುತ್ತದೆ. ಮೊದಲ ಗುಟುಕಿಗಿಂತ ಹೆಚ್ಚು ಕೆಡಿಸುವುದು ಅದರ ಬೆನ್ನಿಗೇ ಬರುವ ಪಾಪಪ್ರಜ್ಞೆ. ‘ಹೆಂಗೂ ಆಣೆ ಮುರೀತಲ್ಲ’ ಎಂದುಕೊಂಡವನು ಆ ರಾತ್ರಿ ಒಂದಕ್ಕೆ ನಿಲ್ಲಿಸುವುದಿಲ್ಲ. ಆಣೆ ತಪ್ಪಿದವನಿಗೆ ವಾಪಸು ಬರುವ ದಾರಿಯನ್ನು ನಾವು ಇಟ್ಟೇ ಇಲ್ಲ.

ಬಿಪಿ ಮತ್ತೆ ಏರಿದರೆ ಯಾರೂ ಬೈಯುವುದಿಲ್ಲ, ಮಾತ್ರೆ ಬದಲಿಸುತ್ತಾರೆ. ಚಟದ ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60ರಷ್ಟು ಮಂದಿ ಮರಳಿ ಜಾರುತ್ತಾರೆ; ಬಿಪಿ, ಅಸ್ತಮಾ ಮರುಕಳಿಸುವುದೂ ಇದಕ್ಕಿಂತ ಕಡಿಮೆಯೇನಲ್ಲ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳಿವೆ. ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿಯನ್ನು ಮಾತ್ರ ಯಾರೂ ನಂಬಬೇಡಿ. ಅದರಲ್ಲಿ ಡೈಸಲ್ಫಿರಾಂ ಇದ್ದು, ಅವನು ಮೇಲೆ ಕುಡಿದರೆ ಪ್ರಾಣಕ್ಕೇ ಕುತ್ತು. ಇಷ್ಟೆಲ್ಲ ಇದ್ದರೂ, 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನಿಗಳಲ್ಲಿ 38 ಮಂದಿಗೆ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ದಕ್ಕಿದೆ.

ನಿಮ್ಮ ಮನೆಯವರು ಬಿಟ್ಟು ಮತ್ತೆ ಕುಡಿದರೆ ಪಂಚಾಯ್ತಿ ಕಟ್ಟೆಗೆ ಎಳೆಯಬೇಡಿ. ಅಮಲು ಇಳಿದ ಮೇಲೆ ಕೂರಿಸಿಕೊಂಡು ಮಾತಾಡಿ, ಅದೇ ವಾರ ವೈದ್ಯರಲ್ಲಿಗೆ ಕರೆದೊಯ್ಯಿರಿ. ದಾರಿ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.