ವಿಹಾರಕ್ಕೆ ಮುನ್ನ ಜ್ವರದ ಯೋಜನೆ

ಬೇಸಿಗೆ ರಜೆ ಹತ್ತಿರವಾದಂತೆ ನಮ್ಮ ಚಿಕಿತ್ಸಾಲಯಕ್ಕೆ ಕಾಯಿಲೆ ಇಲ್ಲದವರೂ ಬರತೊಡಗುತ್ತಾರೆ. ಮಕ್ಕಳನ್ನು ಕರೆದುಕೊಂಡು ಬೆಂಗಳೂರು ಮೈಸೂರಿನ ಕಡೆಗೆ ಹೊರಟಿದ್ದೇವೆ, ಜೊತೆಯಲ್ಲಿ ಯಾವ ಔಷಧ ಇರಬೇಕು ಎಂಬುದು ಅವರ ಪ್ರಶ್ನೆ. 2021ರ ಮಾರ್ಚ್ ಮೊದಲ ವಾರದಲ್ಲಿ ಇದೇ ಪ್ರಶ್ನೆಯೊಡನೆ ಬಂದ ಒಂದು ಕುಟುಂಬದ ಸಂಗತಿಯನ್ನು ಆಧರಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ. ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಘೋಷಿಸಿದ್ದು ನಿಜ. ಆದರೆ ಅದಕ್ಕೂ ಮೊದಲು 2009ರಲ್ಲಿ ಹಂದಿಜ್ವರ ಬಂದಿತ್ತು; ಮುಂದೆ ಮತ್ತೊಂದು ಬಾರದೆಂದು ಯಾರೂ ಬರೆದುಕೊಟ್ಟಿಲ್ಲ.

ಘಟ್ಟದ ಮೇಲಿನ ಸದ್ಭಕ್ತರಿಗೆ ನಮ್ಮ ಊರಿನ ಬಗ್ಗೆ ಎರಡು ಮಾತು ಹೇಳಬೇಕು. ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿನ ಶಂಕರಪುರ ಮಲ್ಲಿಗೆಯ ಊರು. ಇಲ್ಲಿನ ಮನೆಗಳಲ್ಲಿ ನಸುಕಿಗೇ ಮೊಗ್ಗು ಕೊಯ್ಯುತ್ತಾರೆ, ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮೊಗ್ಗು ಒಂದು ದಿನವೂ ಕಾಯುವುದಿಲ್ಲವಾದ್ದರಿಂದ ಮನೆಮಂದಿಯೆಲ್ಲ ಒಟ್ಟಿಗೆ ಪ್ರವಾಸ ಹೋಗುವುದು ಇಲ್ಲಿ ಅಪರೂಪ. ಯಾರಾದರೊಬ್ಬರು ಉಳಿಯಲೇಬೇಕು, ಉಳಿಯುವವರು ಸಾಮಾನ್ಯವಾಗಿ ಮನೆಯ ಹಿರಿಯರು.

ನಾವು ಹೇಳುತ್ತಿರುವ ಕುಟುಂಬದಲ್ಲಿಯೂ ಹಾಗೆಯೇ. ತಂದೆ, ತಾಯಿ, ಹದಿನಾಲ್ಕರ ಮಗಳು, ಹನ್ನೊಂದರ ಮಗ ಹೊರಡುವವರು. ಎಪ್ಪತ್ತು ದಾಟಿದ, ಮಧುಮೇಹವಿರುವ ಅಜ್ಜಿ ಮತ್ತು ಚಿಕ್ಕಪ್ಪ ಉಳಿಯುವವರು. ಒಂದು ವರ್ಷ ಶಾಲೆಯನ್ನು ಮೊಬೈಲಿನಲ್ಲಿಯೇ ಕಂಡ ಮಕ್ಕಳಿಗೆ ಬಿಡದಿಯ ವಂಡರ್‌ಲಾ ಉದ್ಯಾನದ ಆಸೆ. ಕೇಂದ್ರ ಸರ್ಕಾರ 2020ರ ಅಕ್ಟೋಬರ್ 15ರಿಂದ ಮನರಂಜನಾ ಉದ್ಯಾನಗಳಿಗೆ ಅನುಮತಿ ನೀಡಿತ್ತು. ಬಿಡದಿಯ ಉದ್ಯಾನ ನವೆಂಬರಿನಲ್ಲಿ ಮತ್ತೆ ತೆರೆದಿತ್ತು. ಮೊದಲೆರಡು ದಿನ ಮೈಸೂರು, ಮೂರನೆಯ ದಿನ ಉದ್ಯಾನ ಎಂಬುದು ಅವರ ಲೆಕ್ಕ.

“ಯಾವ ಕಷಾಯ ಕೊಂಡುಹೋಗಲಿ ಡಾಕ್ಟ್ರೇ?” ಎಂದು ತಂದೆ ಕೇಳಿದರು. “ಮೂರನೆಯ ದಿನ ಬೆಳಿಗ್ಗೆ ಮಗನಿಗೆ ಜ್ವರ ಬಂದರೆ ಆ ರಾತ್ರಿ ಎಲ್ಲಿ ಮಲಗುತ್ತೀರಿ?” ಎಂದು ನಾವು ಮರುಪ್ರಶ್ನೆ ಹಾಕಿದೆವು. ಉತ್ತರ ಇರಲಿಲ್ಲ. ಹೋಟೆಲಿನ ಕೋಣೆ, ಟಿಕೆಟು, ಊಟ, ದಾರಿ ಎಲ್ಲಕ್ಕೂ ಯೋಜನೆಯಿತ್ತು. ಜ್ವರಕ್ಕೆ ಮಾತ್ರ ಇರಲಿಲ್ಲ. ಔಷಧದ ಚೀಲವನ್ನು ಅರ್ಧ ಗಂಟೆಯಲ್ಲಿ ತುಂಬಬಹುದು. ಆದರೆ ಜ್ವರ ಬಂದಾಗ ಯಾರು ನಿಲ್ಲಬೇಕು, ಎಲ್ಲಿ ನಿಲ್ಲಬೇಕು, ಯಾರು ಮನೆಗೆ ಹೋಗಬಾರದು ಎಂಬ ನಿರ್ಧಾರವನ್ನು ಪರಊರಿನಲ್ಲಿ, ಅಳುವ ಮಗುವಿನ ಎದುರು, ಕೊಟ್ಟ ಹಣದ ಸಂಕಟದಲ್ಲಿ ತೆಗೆದುಕೊಳ್ಳಲಾಗದು. ಅದು ಹೊರಡುವ ಮುನ್ನವೇ ಎಲ್ಲರೂ ಕುಳಿತು ಆಗಬೇಕಾದ ಮಾತು.

ಮನರಂಜನಾ ಉದ್ಯಾನವೇ ಏಕೆ ಚಿಂತೆಯ ಸ್ಥಳ ಎಂದು ಕೆಲವರು ಕೇಳಬಹುದು. ಅಲ್ಲಿ ಹಲವು ಊರುಗಳ ಜನ ಒಂದು ದಿನದ ಮಟ್ಟಿಗೆ ಸೇರಿ, ಸಂಜೆ ಹಲವು ಊರುಗಳಿಗೆ ಚದುರುತ್ತಾರೆ. 2014ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿಗೆ ಹೋದವರಿಂದ ದಡಾರ ಹರಡಿ ನೂರಕ್ಕೂ ಹೆಚ್ಚು ಮಂದಿಗೆ ತಗುಲಿತು. ಅವರಲ್ಲಿ ಹಲವರು ಆ ಉದ್ಯಾನಕ್ಕೆ ಕಾಲಿಟ್ಟವರೇ ಅಲ್ಲ, ಹೋಗಿಬಂದವರ ಸಂಪರ್ಕಕ್ಕೆ ಬಂದವರು. 2021ರ ಅಕ್ಟೋಬರ್ 31ರಂದು ಚೀನಾದ ಶಾಂಘೈ ಡಿಸ್ನಿಲ್ಯಾಂಡಿನಲ್ಲಿ ಒಬ್ಬ ಸೋಂಕಿತರ ಕಾರಣದಿಂದ ಬಾಗಿಲು ಹಾಕಿ, 33,000ಕ್ಕೂ ಹೆಚ್ಚು ಜನರ ಪರೀಕ್ಷೆ ನಡೆಸಿದರು. ಬೆಳಿಗ್ಗೆ ನಗುತ್ತಾ ಹೋದವರು ರಾತ್ರಿ ಮೂಗು ಗಂಟಲಿನ ದ್ರವ ಕೊಟ್ಟು ಹೊರಬರಬೇಕಾಯಿತು.

ದ್ವಾರದಲ್ಲಿ ಹಣೆಗೆ ಹಿಡಿಯುತ್ತಿದ್ದ ತಾಪಮಾಪಕದ ಮೇಲೆ ಜನರಿಗೆ ಅತಿಯಾದ ನಂಬಿಕೆಯಿತ್ತು. ಅದು ಆ ಕ್ಷಣದ ಮೈಬಿಸಿಯನ್ನು ಮಾತ್ರ ಹೇಳುತ್ತದೆ. ಕೋವಿಡ್ ಸೋಂಕು ತಗುಲಿದ 2ರಿಂದ 14 ದಿನಗಳಲ್ಲಿ ಲಕ್ಷಣ ಕಾಣಬಹುದು; ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಅದು ಇತರರಿಗೆ ಹರಡಬಲ್ಲದು. ಇನ್ನೊಂದು ಮಾತು ಹೇಳಲೇಬೇಕು: ಜ್ವರದ ಮಾತ್ರೆ ನುಂಗಿಸಿ ಮಗುವನ್ನು ದ್ವಾರ ದಾಟಿಸಿದವರನ್ನು ನಾವು ಕಂಡಿದ್ದೇವೆ. ಮಾತ್ರೆ ತಾಪವನ್ನು ಇಳಿಸುತ್ತದೆ, ಸೋಂಕನ್ನಲ್ಲ. ಸರದಿಯಲ್ಲಿ ಹಿಂದೆ ನಿಂತವರ ಮನೆಯಲ್ಲಿಯೂ ಒಬ್ಬ ಅಜ್ಜಿ ಇರುತ್ತಾರೆ.

ನಮ್ಮ ಪ್ರಾಚೀನ ಆಚಾರ್ಯರಿಗೆ ಈ ವಿಷಯ ಹೊಸದಲ್ಲ. ಗಾಳಿ, ನೀರು, ದೇಶ, ಕಾಲ ಕೆಟ್ಟಾಗ ಪ್ರಕೃತಿಭೇದವಿಲ್ಲದೆ ಇಡೀ ಜನಪದವೇ ರೋಗಕ್ಕೀಡಾಗುವುದನ್ನು ಚರಕಸಂಹಿತೆಯ ವಿಮಾನಸ್ಥಾನ ‘ಜನಪದೋದ್ಧ್ವಂಸ’ ಎಂದು ವಿವರಿಸುತ್ತದೆ. ಸುಶ್ರುತಾಚಾರ್ಯರು ಜ್ವರ, ಕ್ಷಯ, ಕಣ್ಣುಬೇನೆ ಮುಂತಾದವು ಒಬ್ಬರಿಂದೊಬ್ಬರಿಗೆ ಹರಡುವ ಬಗೆಗಳನ್ನು ಹೇಳುವಾಗ ದೇಹಸ್ಪರ್ಶ, ಉಸಿರು, ಸಹಭೋಜನ, ಒಂದೇ ಹಾಸಿಗೆ ಮತ್ತು ಆಸನದ ಬಳಕೆ, ಬಟ್ಟೆ, ಲೇಪನಗಳೊಡನೆ ಹೂಮಾಲೆಯನ್ನೂ ಸೇರಿಸಿದ್ದಾರೆ. ಇದನ್ನು ಓದಿ ಹೇಳಿದಾಗ ನಮ್ಮೂರಿನವರು ಗಾಬರಿಯಾದರು! ಅಲ್ಲಿ ಹೇಳಿರುವುದು ರೋಗಿ ಧರಿಸಿದ ಮಾಲೆಯ ಮಾತು; ಕೋವಿಡಿನಲ್ಲಿ ಮುಖ್ಯವಾದದ್ದು ಉಸಿರು. ಒಂದೇ ಕೋಣೆ, ಒಂದೇ ಹಾಸಿಗೆ, ಮುಚ್ಚಿದ ಕಾರು: ಪ್ರವಾಸದ ಕುಟುಂಬ ಈ ಪಟ್ಟಿಯನ್ನು ಮೂರು ದಿನಗಳಲ್ಲಿ ಪೂರೈಸಿಬಿಡುತ್ತದೆ.

ಅದೇ ಚರಕಸಂಹಿತೆಯ ಜ್ವರಚಿಕಿತ್ಸೆಯಲ್ಲಿ ಹೊಸ ಜ್ವರದಲ್ಲಿ ವರ್ಜ್ಯವಾದವುಗಳಲ್ಲಿ ಸ್ನಾನ, ಬಲವಾದ ಗಾಳಿ, ವ್ಯಾಯಾಮ, ಕೋಪ, ಹಗಲುನಿದ್ರೆ ಸೇರಿವೆ; ಘನ ಆಹಾರವೂ ಸಲ್ಲದು. ಉದ್ಯಾನದ ಒಂದು ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನೀರಿನಾಟ, ವೇಗದ ತೊಟ್ಟಿಲಿನ ಗಾಳಿ, ಬಿಸಿಲಿನ ಓಡಾಟ, ಕರಿದ ತಿಂಡಿ, ಸರದಿಯ ಸಿಡಿಮಿಡಿ. ಸ್ವಲ್ಪ ಮೈ ಬೆಚ್ಚಗಿದೆ, ಆಡಿದರೆ ಸರಿಯಾಗುತ್ತದೆ ಎನ್ನುವವರಿಗೆ ನಾವು ಇದಕ್ಕಿಂತ ಬೇರೆ ಉತ್ತರ ಕೊಡಬೇಕಾಗಿಲ್ಲ. ವೈರಾಣುಜ್ವರದ ನಡುವೆ ದೇಹವನ್ನು ದಂಡಿಸಿದರೆ ಹೃದಯದ ಸ್ನಾಯುವಿಗೆ ಅಪಾಯವಾಗಬಹುದೆಂದು ಆಧುನಿಕ ವೈದ್ಯರೂ ಎಚ್ಚರಿಸುತ್ತಾರೆ.

ಕಷಾಯದ ವಿಷಯಕ್ಕೆ ಬರೋಣ. ಆಯುರ್ವೇದದ ವೈದ್ಯರಾಗಿ ನಾವೇ ಇದನ್ನು ಹೇಳುವುದು ಲೇಸು: ಕಷಾಯ ಕುಡಿದಿದ್ದೇವೆ ಎಂಬುದು ಮಾಸ್ಕಿಗೂ ಲಸಿಕೆಗೂ ಬದಲಿಯಲ್ಲ. 2020ರಲ್ಲಿ ಕಾಳುಮೆಣಸು, ಶುಂಠಿ, ದಾಲ್ಚಿನ್ನಿಗಳನ್ನು ದಿನಕ್ಕೆ ನಾಲ್ಕೈದು ಬಾರಿ ಕುದಿಸಿ ಕುಡಿದು ಬಾಯಿಹುಣ್ಣು, ಎದೆಯುರಿ, ಮೂಲವ್ಯಾಧಿಯ ತೊಂದರೆಯಿಂದ ಬಂದವರನ್ನು ನಾವು ಸಾಕಷ್ಟು ನೋಡಿದೆವು. ಅಮೃತಬಳ್ಳಿ ರಕ್ತದ ಸಕ್ಕರೆಯನ್ನು ತಗ್ಗಿಸಬಲ್ಲದು. ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಪ್ರವಾಸದಲ್ಲಿ ಅದನ್ನು ಹೊಸದಾಗಿ ಆರಂಭಿಸಬಾರದು. ಜ್ವರ ಬಂದಾಗ ಬಿಸಿನೀರು, ತಿಳಿಗಂಜಿ, ವಿಶ್ರಾಂತಿ ಸಾಕು. ಬಾಯಾರಿಕೆ ಹೆಚ್ಚಿದ್ದರೆ ಭದ್ರಮುಷ್ಟಿ, ಲಾವಂಚ, ಶುಂಠಿ ಮುಂತಾದ ಆರು ದ್ರವ್ಯಗಳಿಂದ ಕಾಯಿಸಿದ ಷಡಂಗಪಾನೀಯವನ್ನು ನಿಮ್ಮ ವೈದ್ಯರನ್ನು ಕೇಳಿ ಕೊಡಬಹುದು.

ಚೀಲದಲ್ಲಿರಬೇಕಾದವು ಹೆಚ್ಚಿಲ್ಲ. ಥರ್ಮಾಮೀಟರು, ಬೆರಳಿಗೆ ಹಾಕುವ ಆಕ್ಸಿಮೀಟರು, ಮಾಸ್ಕು, ಒಂದು ಲೀಟರು ನೀರಿಗೆ ಬೆರೆಸುವ ಓಆರ್‌ಎಸ್ ಪೊಟ್ಟಣ, ಪ್ಯಾರಾಸಿಟಮಾಲ್. ಮಕ್ಕಳಿಗೆ ಇದರ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ; ಎರಡು ಬಾರಿಯ ನಡುವೆ ಆರು ಗಂಟೆ ಇರಲಿ. ಆಸ್ಪಿರಿನ್ ಮಕ್ಕಳಿಗೆ ಸಲ್ಲದು. ಡೆಂಗಿಯೂ ಹೀಗೆಯೇ ಆರಂಭವಾಗುವುದರಿಂದ ದೊಡ್ಡವರೂ ಬೇರೆ ನೋವಿನ ಮಾತ್ರೆ ನುಂಗಬಾರದು. ಕರಾವಳಿಯವರಿಗೆ ಮಲೇರಿಯಾ, ಇಲಿಜ್ವರಗಳೂ ಇವೆ; ಎಲ್ಲ ಜ್ವರವೂ ಕೋವಿಡ್ ಅಲ್ಲ. ನಿತ್ಯದ ಮಾತ್ರೆಗಳನ್ನು ಮಾತ್ರ ಮೂರು ದಿನದ ಪ್ರವಾಸಕ್ಕೆ ಮೂರು ದಿನದಷ್ಟೇ ಒಯ್ಯಬಾರದು, ಹದಿನೈದು ದಿನದಷ್ಟು ಒಯ್ಯಬೇಕು. 2021ರ ನಿಯಮದಂತೆ ಮನೆಯಲ್ಲಿ ಪ್ರತ್ಯೇಕವಾಗಿರುವ ಸೋಂಕಿತರು ಲಕ್ಷಣ ಕಂಡ ದಿನದಿಂದ ಕನಿಷ್ಠ 10 ದಿನ, ಕೊನೆಯ ಮೂರು ದಿನ ಜ್ವರವಿಲ್ಲದೆ, ಹಾಗೆಯೇ ಇರಬೇಕಿತ್ತು. 2022ರ ಜನವರಿಯಲ್ಲಿ ಅದನ್ನು 7 ದಿನಕ್ಕೆ ಇಳಿಸಿದರು. ಪರಊರಿನ ಕೋಣೆಯಲ್ಲಿ ಹತ್ತು ದಿನ ಎಂದರೆ ಬಾಡಿಗೆ ಎಷ್ಟು, ಊಟ ತರುವವರು ಯಾರು ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕಲ್ಲವೆ?

ಆ ಕುಟುಂಬದವರು ನಮ್ಮ ಮೇಜಿನ ಮೇಲೆಯೇ ಒಂದು ಹಾಳೆಯಲ್ಲಿ ಬರೆದುಕೊಂಡರು. ಬಸ್ಸಲ್ಲ, ಸ್ವಂತ ಕಾರು. ಜ್ವರ 100.4 ಡಿಗ್ರಿ ತಲುಪಿದರೆ ಆ ದಿನದ ಕಾರ್ಯಕ್ರಮ ರದ್ದು, ಅದರ ಬಗ್ಗೆ ಚರ್ಚೆಯಿಲ್ಲ; ಟಿಕೆಟಿನ ಹಣ ಆಗಲೇ ಖರ್ಚಾದದ್ದೆಂದು ಭಾವಿಸುವುದು. ಉಸಿರಾಟದ ತೊಂದರೆ, ಎದೆನೋವು, ಮಂಕು ಕಂಡರೆ ಅಥವಾ ಆಮ್ಲಜನಕ 94ಕ್ಕಿಂತ ಇಳಿದರೆ ಊರಿನ ಆಸೆ ಬಿಟ್ಟು ಸಮೀಪದ ಆಸ್ಪತ್ರೆ: ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ದಾರಿಯಲ್ಲಿ ಮಡಿಕೇರಿಯ ಜಿಲ್ಲಾಸ್ಪತ್ರೆ, ಕೆಳಗಿಳಿದ ಮೇಲೆ ಮಂಗಳೂರಿನ ವೆನ್ಲಾಕ್. ಸಂಪಾಜೆ ಘಾಟಿಯಾಗಲಿ ಶಿರಾಡಿ ಘಾಟಿಯಾಗಲಿ, ನಡುವೆ ದೊಡ್ಡ ಆಸ್ಪತ್ರೆಯಿಲ್ಲ; ಘಾಟಿ ಇಳಿಯುವ ಮುನ್ನ ಒಮ್ಮೆ ಆಕ್ಸಿಮೀಟರು ನೋಡಬೇಕು. ತುರ್ತು ವಾಹನಕ್ಕೆ 108, ಸಲಹೆಗೆ 104.

ಲಕ್ಷಣ ಸೌಮ್ಯವಾಗಿದ್ದರೆ ಎಲ್ಲಿಯೂ ಹೋಟೆಲಿಗೆ ಇಳಿಯದೆ, ಕಾರಿನ ಗಾಜು ಇಳಿಸಿ, ಎಲ್ಲರೂ ಮಾಸ್ಕು ಹಾಕಿ ಹಿಂದಿರುಗುವುದು. ಹಿಂದಿರುಗುವುದು ಎಲ್ಲಿಗೆ ಎಂಬುದರ ಮೇಲೆ ಹೆಚ್ಚು ಹೊತ್ತು ಮಾತಾಯಿತು. ಅಜ್ಜಿಗೆ ಲಸಿಕೆಯ ಮೊದಲ ಡೋಸ್ ಆಗಷ್ಟೇ ಆಗಿತ್ತು, ರಕ್ಷಣೆ ಬಲಗೊಂಡಿರಲಿಲ್ಲ. ಮುಂಬಯಿಯಲ್ಲಿರುವ ದೊಡ್ಡಪ್ಪನ ಮನೆ ಪಕ್ಕದಲ್ಲಿಯೇ ಬೀಗ ಹಾಕಿಕೊಂಡಿತ್ತು. ಜ್ವರ ಬರಲಿ ಬಾರದಿರಲಿ, ನಾಲ್ವರೂ ಮೊದಲು ಅಲ್ಲಿಗೆ ಹೋಗುವುದು, ಐದು ದಿನ ನೋಡಿ ಆಮೇಲೆ ಅಜ್ಜಿಯ ಮನೆ ಎಂದು ತೀರ್ಮಾನಿಸಿದರು. ಹೊರಡುವ ಮುನ್ನ ಅಲ್ಲಿ ಅಕ್ಕಿ, ಗ್ಯಾಸು, ಹಾಸಿಗೆ ಇರಿಸಿದರು. ಅಷ್ಟು ದಿನ ಹೂ ಕೊಯ್ಯಲು ನೆರೆಮನೆಯವರಿಗೆ ಅರ್ಧ ಪಾಲು.

ಇನ್ನೊಂದು ಕೆಲಸವನ್ನು ನಾವೇ ಮಾಡಿದೆವು. ಹುಡುಗನನ್ನು ಕರೆದು, “ಮಗಾ, ನಿನಗೆ ಮೈ ಬಿಸಿಯಾದರೆ ಅದು ನಿನ್ನ ತಪ್ಪಲ್ಲ. ಹೇಳಿದರೆ ಯಾರೂ ಬೈಯುವುದಿಲ್ಲ, ಇನ್ನೊಮ್ಮೆ ಕರೆದುಕೊಂಡು ಹೋಗುತ್ತಾರೆ” ಎಂದು ತಂದೆಯ ಎದುರೇ ಹೇಳಿದೆವು. ವಿಹಾರದಲ್ಲಿ ಜ್ವರವನ್ನು ಬಚ್ಚಿಡುವವರು ಮೊದಲು ಮಕ್ಕಳು. ತನ್ನಿಂದ ಎಲ್ಲರ ಸಂತೋಷ ಕೆಡುತ್ತದೆಂಬ ಭಯ ಅವರಿಗೆ ಗಂಟಲುನೋವಿಗಿಂತ ದೊಡ್ಡದು.

ಮೂರನೆಯ ದಿನ ಬೆಳಿಗ್ಗೆ, ಬಿಡದಿಗೆ ಹೊರಡಬೇಕಾಗಿದ್ದ ಹೊತ್ತಿಗೆ, ಮೈಸೂರಿನ ಕೋಣೆಯಲ್ಲಿ ಆ ಹುಡುಗ ತಾನೇ ಬಂದು ತಾಯಿಗೆ ಗಂಟಲು ನೋಯುತ್ತಿದೆ ಎಂದ. 100.8 ಡಿಗ್ರಿ, ಆಮ್ಲಜನಕ 98. ಮಗಳು ಒಂದು ಗಂಟೆ ಅತ್ತಳಂತೆ. ಬುತ್ತಿ ಕಟ್ಟಿಸಿಕೊಂಡು ಹುಣಸೂರು, ಮಡಿಕೇರಿ, ಸುಳ್ಯದ ದಾರಿಯಲ್ಲಿ ಬಂದು ರಾತ್ರಿ ದೊಡ್ಡಪ್ಪನ ಮನೆಯ ಬೀಗ ತೆಗೆದರು. ಮರುದಿನದ ಪರೀಕ್ಷೆಯಲ್ಲಿ ಹುಡುಗನಿಗೂ, ಎರಡು ದಿನಗಳ ನಂತರ ತಂದೆಗೂ ಸೋಂಕು ದೃಢವಾಯಿತು. ಎಲ್ಲಿ ತಗುಲಿತೆಂದು ಹೇಳಲಾಗದು. ಊರಿನಿಂದಲೇ ಒಯ್ದಿದ್ದರೂ ಇರಬಹುದು. ಇಬ್ಬರೂ ಮನೆಯಲ್ಲಿಯೇ ಗುಣವಾದರು. ಅಜ್ಜಿ ಜಗಲಿಯಲ್ಲಿ ಕುಳಿತು ಹೂ ಕಟ್ಟುತ್ತಾ ಅಂಗಳದಾಚೆಯಿಂದಲೇ ಮೊಮ್ಮಗನನ್ನು ಮಾತನಾಡಿಸುತ್ತಿದ್ದರು. ಅವರಿಗೆ ಸೋಂಕು ತಗುಲಲಿಲ್ಲ.

ಏಪ್ರಿಲ್ 27ರಿಂದ ರಾಜ್ಯವೇ ಬಾಗಿಲು ಹಾಕಿತು. ಆ ಎರಡು ತಿಂಗಳಲ್ಲಿ ಹಾಸಿಗೆ, ಆಮ್ಲಜನಕಗಳಿಗಾಗಿ ಜನ ಪಟ್ಟ ಪಾಡನ್ನು ಓದುಗರು ಮರೆತಿರಲಾರರು.

ಹುಡುಗ ಬಿಡದಿಯ ಉದ್ಯಾನವನ್ನು ನೋಡಿದ್ದು ಮರುವರ್ಷದ ಬೇಸಿಗೆಯಲ್ಲಿ. ಹೊರಡುವ ಮುನ್ನ ತಂದೆ ಹಳೆಯ ಹಾಳೆಯನ್ನು ಹಿಡಿದು ಮತ್ತೆ ನಮ್ಮಲ್ಲಿಗೆ ಬಂದಿದ್ದರು. 10 ದಿನ ಎಂದಿದ್ದುದನ್ನು 7 ಎಂದು ತಿದ್ದಿ ಕೊಟ್ಟೆವು.