ಬಲ್ಮಠ: ಪ್ರಾರ್ಥನೆಯ ಜೊತೆ ದುಡಿಮೆಯನ್ನೂ ಕೊಟ್ಟ ಗುಡ್ಡ

ಮಂಗಳೂರಿನ ಹಂಪನಕಟ್ಟೆಯಿಂದ ಪೂರ್ವಕ್ಕೆ ಹೊರಟರೆ ಸ್ವಲ್ಪದರಲ್ಲೇ ಸಿಗುವ ಏರುದಾರಿಯೇ ಬಲ್ಮಠ. ಅಂಗಡಿ ಮಳಿಗೆಗಳು, ವಸತಿ ಸಮುಚ್ಚಯಗಳು, ಬಸ್ಸುಗಳ ಗದ್ದಲದ ನಡುವೆ ಶಾಂತಿ ಕೆಥೆಡ್ರಲ್ ಮತ್ತು ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಆವರಣ ಮರಗಳ ನೆರಳಲ್ಲಿ ಉಳಿದುಕೊಂಡಿದೆ. ಕನ್ನಡಿಗರಿಗೆ ಈ ಹೆಸರು ಮುದ್ರಣದ ಚರಿತ್ರೆಯಿಂದ ಪರಿಚಿತ: ಇಲ್ಲಿ ನೆಲೆಸಿದ್ದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರತಂದರು, ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಬಲ್ಮಠಕ್ಕೆ ಇನ್ನೊಂದು ಚರಿತ್ರೆಯೂ ಇದೆ. ಮನೆ, ಕುಲ, ಕಸುಬು ಮೂರನ್ನೂ ಒಟ್ಟಿಗೆ ಕಳೆದುಕೊಂಡವರು ಒಬ್ಬರಿಗೊಬ್ಬರು ಆಸರೆಯಾಗಿ ಬದುಕು ಕಟ್ಟಿಕೊಂಡ ಚರಿತ್ರೆ ಅದು. ಕಷ್ಟಕಾಲದಲ್ಲಿ ಕ್ರೈಸ್ತ ಅನ್ಯೋನ್ಯತೆ ಬಲ ಕೊಡುತ್ತದೆ ಎಂದು ಪ್ರಸಂಗಗಳಲ್ಲಿ ಕೇಳುತ್ತೇವೆ. ಆ ಬಲ ಬರುವುದು ಎಲ್ಲಿಂದ ಎನ್ನುವುದಕ್ಕೆ ಬಲ್ಮಠದಷ್ಟು ಸ್ಪಷ್ಟವಾದ ಉತ್ತರ ಕರಾವಳಿಯಲ್ಲಿ ಬೇರೆಡೆ ಸಿಗುವುದು ಕಷ್ಟ. ಸಾಂತ್ವನದ ಮಾತು ಅನ್ನದ ದಾರಿಯನ್ನೂ ತೋರಿಸಿದಾಗ ಮಾತ್ರ ಕೂಟ ಗಟ್ಟಿಯಾಗುತ್ತದೆ ಎಂಬುದೇ ಆ ಉತ್ತರ.

ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಲ್ಮಠದ ಜಾಗವನ್ನು ಆಗಿನ ಕಲೆಕ್ಟರ್ ಬ್ಲೇರ್ 1840ರಲ್ಲಿ ಅವರಿಗೆ ಬಿಟ್ಟುಕೊಟ್ಟರು. ಸಭೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಸೇಂದಿಯ ಕಸುಬು ಕ್ರೈಸ್ತರಿಗೆ ಸಲ್ಲದು ಎಂಬುದು ಮಿಶನ್ನಿನ ಕಟ್ಟಳೆಯಾಗಿದ್ದರಿಂದ, ದೀಕ್ಷಾಸ್ನಾನವಾದ ದಿನವೇ ಎಷ್ಟೋ ಮಂದಿಯ ಸಂಪಾದನೆ ನಿಂತುಹೋಗುತ್ತಿತ್ತು. ಗೇಣಿಯ ಭೂಮಿ ಧಣಿಯ ಮರ್ಜಿಯಲ್ಲಿತ್ತು. ಮತ ಬದಲಿಸಿದವರ ಆಸ್ತಿಹಕ್ಕು ಹೋಗಬಾರದೆಂಬ ಕಾಯ್ದೆ ಬಂದದ್ದು 1850ರಲ್ಲಿ. ಬಂದಮೇಲೂ ಅಳಿಯಸಂತಾನದ ಅವಿಭಕ್ತ ಕುಟುಂಬದಿಂದ ಹೊರಬಿದ್ದವನಿಗೆ ಪಾಲು ಸಿಗುವುದು ಸುಲಭವಿರಲಿಲ್ಲ. ನೆಂಟರ ಮದುವೆಗೆ ಕರೆಯಿಲ್ಲ, ಸಾವಿಗೆ ಹೆಗಲು ಕೊಡುವವರಿಲ್ಲ. ಇಂಥವರಿಗೆ ಭಾನುವಾರದ ಆರಾಧನೆ ವಾರಕ್ಕೊಮ್ಮೆಯ ಸಮಾಧಾನ ತರಬಹುದಿತ್ತು. ಸೋಮವಾರ ಒಲೆ ಹೊತ್ತಿಸಲು ಅದರಿಂದ ಆಗುತ್ತಿರಲಿಲ್ಲ.

ಇದನ್ನು ಮಿಶನ್ ತಡವಾಗಿಯಾದರೂ ಅರ್ಥ ಮಾಡಿಕೊಂಡಿತು. ಮೊದಲು ಬೇಸಾಯ ಮಾಡಿಸಿ ನೋಡಿದರು, ಗಡಿಯಾರ ರಿಪೇರಿಯಂಥ ಕೆಲಸ ಕಲಿಸಿ ನೋಡಿದರು, ಅವು ಕೈಹಿಡಿಯಲಿಲ್ಲ. 1851ರಲ್ಲಿ ಮಿಶನ್ನಿನ ಹಾಲರ್ ನೇಯ್ಗೆ ಶುರುಮಾಡಿದರು. 1865ರಲ್ಲಿ ಮಿಶನ್ನಿನವರೇ ಆದ ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹಳೆಯ ಮನೆ ಕೆಡವುವಾಗ ಸಿಗುವ ಹಂಚನ್ನು ಮಗುಚಿ ನೋಡಿ: ಬಾಸೆಲ್ ಮಿಶನ್ ಹೆಸರಿನ ಜೊತೆ 1865 ಎಂಬ ಇಸವಿ ಉಬ್ಬಚ್ಚಿನಲ್ಲಿ ಈಗಲೂ ಕಾಣುತ್ತದೆ. ಹೊಳೆಯ ಬದಿಯ ಆವೆಮಣ್ಣನ್ನು ಹದಮಾಡಿ, ಅಚ್ಚಿಗೆ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವ ಈ ಕೆಲಸಕ್ಕೆ ಹತ್ತಾರು ಕೈ ಬೇಕು. ಹೆಂಗಸರಿಗೂ ಅದರಲ್ಲಿ ಕೂಲಿಯಿತ್ತು. ಕಾರ್ಖಾನೆಯ ಆಸುಪಾಸಿನಲ್ಲೇ ಕೆಲಸಗಾರರ ಸಭೆ ಬೆಳೆಯಿತು, ಜೆಪ್ಪುವಿನ ಕಾಂತಿ ದೇವಾಲಯ ಅದರ ಗುರುತು. ಬೆಳಿಗ್ಗೆ ಒಟ್ಟಿಗೆ ಮಣ್ಣು ತುಳಿದವರು ಸಂಜೆ ಒಟ್ಟಿಗೆ ಪ್ರಾರ್ಥನೆಗೆ ಕೂರುತ್ತಿದ್ದರು. ಬೇರೆ ಬೇರೆ ಜಾತಿಯಿಂದ ಬಂದವರು ಪ್ರಭು ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿಯಬೇಕೆಂಬ ನಿಯಮವೂ ಅಲ್ಲಿತ್ತು. ಆ ಕಾಲದ ಕರಾವಳಿಯಲ್ಲಿ ಅದು ಸಣ್ಣ ಸಂಗತಿಯಲ್ಲ.

ಹಾಗಾದರೆ ಇದು ಅನ್ನಕ್ಕಾಗಿ ಕೊಂಡುಕೊಂಡ ನಂಬಿಕೆಯಲ್ಲವೇ ಎಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. ಅದನ್ನು ತಳ್ಳಿಹಾಕುವಂತಿಲ್ಲ, ಕೆಲಸದ ಆಸೆಯಿಂದ ಬಂದವರು ಇದ್ದೇ ಇದ್ದರು. ಆದರೆ ಕಾಲಾನುಕ್ರಮವನ್ನು ನೋಡಬೇಕು. ಸಭೆ ಹುಟ್ಟಿ ಮೂರು ದಶಕವಾದ ಮೇಲೆ ಹಂಚಿನ ಕಾರ್ಖಾನೆ ಬಂತು. ಮೊದಲ ತಲೆಮಾರಿನವರ ಕಣ್ಣಮುಂದೆ ಇದ್ದದ್ದು ನಷ್ಟವೇ ಹೊರತು ಲಾಭವಲ್ಲ. 1844ರಲ್ಲಿ ಕ್ರೈಸ್ತರಾದ ಆನಂದರಾವ್ ಕೌಂಡಿನ್ಯರು ಅನುಕೂಲಸ್ಥ ಸಾರಸ್ವತ ಕುಟುಂಬದವರು. ಅವರು ಬಿಟ್ಟುಬಂದದ್ದು ಮಿಶನ್ ಕೊಡಬಹುದಾದದ್ದಕ್ಕಿಂತ ಎಷ್ಟೋ ಹೆಚ್ಚು. ಬಾಸೆಲ್‌ನಲ್ಲಿ ಓದಿ 1851ರಲ್ಲಿ ಬೋಧಕರಾಗಿ ಮರಳಿದ ಅವರು ಮುಂದೆ ಕೊಡಗಿನ ಆನಂದಪುರದಲ್ಲಿ ಹೊಲೆಯ ಕುಟುಂಬಗಳ ನೆಲೆಗಾಗಿ ತಮ್ಮ ಸ್ವಂತ ಹಣ ಹಾಕಿದರು. ಇನ್ನು ಕಾರ್ಖಾನೆ ಕೊಟ್ಟದ್ದು ದುಡಿದವರಿಗೆ ಕೂಲಿ, ದಾನವಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಹರಿತವಾದದ್ದು. ಬೋಧಕ, ಧಣಿ, ಮನೆಯ ಒಡೆಯ ಮೂವರೂ ಒಂದೇ ಮಿಶನ್ ಆದಾಗ, ಸಭೆಯ ಶಿಸ್ತಿಗೆ ಒಳಗಾದವನ ಹೊಟ್ಟೆಪಾಡಿಗೂ ಕುತ್ತು ಬರಬಹುದು. ಅಂಥ ಕಡೆ ಅನ್ಯೋನ್ಯತೆ ಅಧೀನತೆಯಾಗಿ ಬದಲಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ಈ ಟೀಕೆಯಲ್ಲಿ ಹುರುಳಿದೆ. ದೊರೆಯಂತೆ ವರ್ತಿಸಿದ ಮಿಶನರಿಗಳೂ ಇದ್ದರು. ಆದರೆ ಜನರ ಬಲವೆಲ್ಲ ದೊರೆಗಳ ಕೃಪೆಯೇ ಆಗಿದ್ದರೆ, ದೊರೆಗಳು ಹೋದ ದಿನ ಸಭೆಯೂ ಕುಸಿಯಬೇಕಿತ್ತು. ಆ ದಿನ ನಿಜಕ್ಕೂ ಬಂತು. 1914ರಲ್ಲಿ ಮಹಾಯುದ್ಧ ಆರಂಭವಾದದ್ದೇ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟು, ಆಮೇಲೆ ದೇಶದಿಂದಲೇ ಕಳಿಸಿತು. ಹಂಚು, ನೇಯ್ಗೆಯ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಎಂಬತ್ತು ವರ್ಷ ಆಸರೆಯಾಗಿದ್ದ ವ್ಯವಸ್ಥೆ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಆದರೂ ದೇವಾಲಯಗಳಿಗೆ ಬೀಗ ಬೀಳಲಿಲ್ಲ. ಊರಿನ ಬೋಧಕರು, ಉಪದೇಶಿಗಳು, ಸಭಾ ಹಿರಿಯರು ಹೊಣೆ ಹೊತ್ತರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಮತ್ತೆ ಬಂಧನಕ್ಕೊಳಗಾದಾಗಲೂ ಸಭೆ ನಿಂತಿತು. ಬಲ್ಮಠದ ಸಭೆ ಇಂದು 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯ ಅಂಗವಾಗಿದೆ. ಜೊತೆಯಾಗಿ ದುಡಿದು, ಹಾಡಿ, ಹೆಣಕ್ಕೆ ಹೆಗಲು ಕೊಟ್ಟು ಬೆಳೆದ ನೆರೆಹೊರೆಯ ಸಂಬಂಧವನ್ನು ಯಾವ ಸರ್ಕಾರವೂ ಜಪ್ತಿ ಮಾಡಲಾಗಲಿಲ್ಲ.

ಇಂದು ತಾರಸಿಯ ಮನೆಗಳು ಬಂದು ಹಂಚಿನ ಉದ್ಯಮ ಸೊರಗಿದೆ. ಬಲ್ಮಠದ ಮಕ್ಕಳು ಬೆಂಗಳೂರು, ಕೊಲ್ಲಿ ದೇಶಗಳಲ್ಲಿ ಕೆಲಸ ಹುಡುಕಿಕೊಂಡಿದ್ದಾರೆ. ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಶನ್ ಕಾಲದ ಕಾಗದಪತ್ರಗಳಿವೆ, ಕರಾವಳಿಯ ಸಾಮಾಜಿಕ ಚರಿತ್ರೆ ಓದುವವರು ನೋಡಲೇಬೇಕಾದ ಜಾಗ ಅದು. ಆದರೆ ಬಲ್ಮಠದ ಪಾಠವನ್ನು ಪತ್ರಾಗಾರಕ್ಕೆ ಬಿಟ್ಟುಬಿಡಬಾರದು. ಕೆಲಸ ಹೋದವರು, ಸಾಲದಲ್ಲಿ ಸಿಕ್ಕಿದವರು, ಒಂಟಿಯಾದ ಹಿರಿಯರು ಇಂದಿನ ಸಭೆಗಳಲ್ಲೂ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಅವರಿಗಾಗಿ ಪ್ರಾರ್ಥಿಸುವ ಕೂಟಗಳು, ಪ್ರಾರ್ಥನೆ ಮುಗಿದ ಮೇಲೆ, ಈ ತಿಂಗಳು ಯಾರ ಮನೆಗೆ ಏನು ಬೇಕು ಎಂದೂ ಕೇಳಲಿ.